ಅಂಗೈಗೆ ಇಳಿದ ಸೂರ್ಯ

ಬೆಟ್ಟಗಳ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಯಾವ ಕಡೆ ಹರಿಯಬೇಕೆಂದು ಹೊಳೆಗಳಿಗೇ ಸರಿಯಾಗಿ ಗೊತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕ ಆಮೆಯನ್ನು ಕೇಳಿಕೊಂಡು ಹರಿಯುತ್ತಿದ್ದವು. ಸೂರ್ಯನೂ ಆಗ ಹೊಸಬ. ಎಲ್ಲರೂ ತನ್ನನ್ನು ನೋಡಬೇಕೆಂಬ ಆಸೆ ಅವನಿಗೆ ತುಸು ಹೆಚ್ಚಾಗಿಯೇ ಇತ್ತು.

ಬೆಳಗಾದರೆ ಆನೆ, ಜಿಂಕೆ, ನವಿಲು, ಮನುಷ್ಯರು ಎಲ್ಲರೂ ಬೆಟ್ಟ ಹತ್ತಬೇಕು. ಸೂರ್ಯ ಮೂಡಿದ ಕೂಡಲೇ ಕೇಕೆ ಹಾಕಿ ಕುಣಿಯಬೇಕು. ಇದು ಅವನ ಅಪ್ಪಣೆ.

ಎಲ್ಲರೂ ಹೋಗುತ್ತಿದ್ದರು. ಮಲ್ಲಾಜಿ ಮಾತ್ರ ಹೋಗುತ್ತಿರಲಿಲ್ಲ.

ಬೆಟ್ಟದ ಬುಡದಲ್ಲೊಂದು ಹುಲ್ಲಿನ ಗುಡಿಸಲು. ಅಲ್ಲಿ ಮಲ್ಲಾಜಿ ಮತ್ತು ಅವಳ ಅಕ್ಕ ಬೊಮ್ಮವ್ವ ಇದ್ದರು. ಮಲ್ಲಾಜಿಗೆ ಮನೆಯೆಂದರೆ ಜೀವ. ಜನ ಹೆಚ್ಚಾದರೆ ಅವಳ ಎದೆ ಡವಡವ ಅನ್ನುತ್ತಿತ್ತು. ಹಾಗಂತ ಕಣ್ಣು ಮುಚ್ಚಿ ಕೂತವಳಲ್ಲ. ನೀರಿನ ಗಡಿಗೆಯ ಮೈಗೆ ಹತ್ತಿದ ಪಾಚಿಯನ್ನು ನೋಡುತ್ತಿದ್ದಳು. ಗೋಡೆಯ ಮೇಲೆ ಎದುರಾದ ಇರುವೆಗಳು ಮೂತಿ ತಾಗಿಸಿ ಮಾತಾಡುವುದನ್ನು ನೋಡುತ್ತಿದ್ದಳು. ಬಾಗಿಲ ಪಕ್ಕದ ಹೀರೆಬಳ್ಳಿ ತನ್ನ ಎಳೆಯ ಕುಡಿಯನ್ನು ಚಾಚಿ, ಚಾಚಿ, ಕಡ್ಡಿ ಸಿಕ್ಕಿದ್ದೇ ಸುರುಳಿ ಸುತ್ತಿಕೊಳ್ಳುವುದನ್ನು ನೋಡುತ್ತಾ ಊಟವನ್ನೇ ಮರೆಯುತ್ತಿದ್ದಳು.

"ಏಳೇ ಮಲ್ಲಾಜಿ, ಸೂರ್ಯ ಏನಂದ್ಕೊಂಡಾನು?" ಎಂದು ಬೊಮ್ಮವ್ವ ಗದರಿದಳು.

"ನೀನು ಹೋಗ್ಬಾ ಅಕ್ಕ. ನಂಗೆ ಇಲ್ಲೇ ಬೇಕಾದಷ್ಟಿದೆ."

ಮಾತು ಸೂರ್ಯನ ಕಿವಿಗೆ ಬಿತ್ತು. ಅವನಿಗೆ ಸಿಟ್ಟು ನೆತ್ತಿಗೇರಿತು. "ಆ ಮನೆ ಮೇಲೆ ನನ್ನ ಬೆಳಕು ಬೀಳಕೂಡದು!" ಎಂದ. ದೊಡ್ಡದೊಂದು ಕರಿಮೋಡ ಬಂದು ಮುಚ್ಚಳದ ಹಾಗೆ ಗುಡಿಸಲ ಮೇಲೆ ಕೂತಿತು.

ಮನೆಯೊಳಗೆ ಕತ್ತಲೆ. ಮಲ್ಲಾಜಿಗೆ ಇರುವೆ ಕಾಣಲಿಲ್ಲ, ಪಾಚಿ ಕಾಣಲಿಲ್ಲ. ದಿನ ಕಳೆದಂತೆ ಹೀರೆಬಳ್ಳಿ ಬಿಳಿಚಿಕೊಂಡಿತು. "ನನಗೆ ನಿಲ್ಲೋಕಾಗ್ತಿಲ್ಲ ಕಣೇ" ಎಂದು ಬಳ್ಳಿ ಸಣ್ಣ ದನಿಯಲ್ಲಿ ಅಂದಿತು.

ಬಳ್ಳಿಯ ಸಂಕಟ ನೋಡಲಾರದೆ ಮಲ್ಲಾಜಿ ಬೆಟ್ಟಕ್ಕೆ ಹೊರಟೇಬಿಟ್ಟಳು. ಆದರೆ ಅರ್ಧ ದಾರಿಯಲ್ಲೇ ಮೇಲಿನ ಕೇಕೆ, ಕುಣಿತದ ಸದ್ದು ಅಪ್ಪಳಿಸಿತು. ಕಿವಿ ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟಳು. ಅಳುತ್ತಾ ಮನೆಗೆ ವಾಪಸು ಬಂದಳು.

ಬಾಗಿಲಲ್ಲಿ ಗಾಳಿ ನಿಂತಿತ್ತು. "ಯಾಕಮ್ಮಾ ಅಳ್ತೀಯ?"

"ಗಾಳಿಯಪ್ಪಾ, ನನ್ನಿಂದ ಬೆಟ್ಟಕ್ಕೆ ಹೋಗೋಕಾಗಲ್ಲ. ಸೂರ್ಯನನ್ನೇ ನಮ್ಮನೆಗೆ ಬರೋಕೆ ಹೇಳ್ತೀಯಾ?"

ಗಾಳಿ ನಕ್ಕಿತು. "ಸೂರ್ಯ ನಿನ್ನ ಮನೆಗಾ? ಅವನು ಬಂದರೆ ಗುಡಿಸಲು ಬೂದಿ ಆಗ್ತದೆ!"

"ಪೂರ್ತಿ ಬರೋದು ಬೇಡ. ಮನೇಲಿ ಹಿಡಿಸೋವಷ್ಟು ಬರಲಿ."

ಗಾಳಿ ಹೋಗಿ ಹಾಗೆಯೇ ಹೇಳಿತು. ಸೂರ್ಯ ಬಗ್ಗಿ ಗುಡಿಸಲಿನತ್ತ ನೋಡಿದ. ಬೆಟ್ಟದ ಮೇಲೆ ಎಲ್ಲರೂ ಅವನಿಗೆ ಜೈ ಅಂದಿದ್ದರು. ಒಳಗೆ ಬಾ ಅಂತ ಯಾರೂ ಅಂದಿರಲಿಲ್ಲ.

"ದಾರಿ ಮಾಡು" ಎಂದ ಸೂರ್ಯ, ಮೆಲ್ಲಗೆ.

ಗಾಳಿ ಮೋಡವನ್ನು ಸರಿಸಿತು. ಸೂರಿನ ಹುಲ್ಲನ್ನು ಕೆದಕಿ ರಾಗಿಕಾಳಿನಷ್ಟು ತೂತು ಮಾಡಿತು. ಒಂದೇ ಒಂದು ಬೆಳಕಿನ ಕೋಲು ಕತ್ತಲೆಯೊಳಕ್ಕೆ ಇಳಿಯಿತು. ನೆಲದ ಮೇಲೆ ಬಿಲ್ಲೆಯಷ್ಟು ಅಗಲದ, ದುಂಡನೆಯ ಬೆಳಕೊಂದು ಕೂತಿತು.

ಮಲ್ಲಾಜಿ ಅಂಗೈ ಚಾಚಿದಳು. ಸೂರ್ಯ ಅವಳ ಅಂಗೈಗೆ ಬಂದ. ಅಂಚು ಕೂಡ ಮುಕ್ಕಾಗದ, ಇಡಿಯ ಸೂರ್ಯ! ಆಕಾಶದಲ್ಲಿ ತೆಳುಮೋಡವೊಂದು ಅವನ ಮುಂದೆ ಹಾದುಹೋಯಿತು. ಅದರ ನೆರಳು ಅವಳ ಅಂಗೈ ಮೇಲಿನ ಸೂರ್ಯನ ಮುಂದೆಯೂ ಹಾದುಹೋಯಿತು. ಅವಳ ಮೈ ಜುಮ್ಮೆಂದಿತು.

"ಇದೇನಿದು, ನನ್ನ ಸುತ್ತ ಹಾರಾಡ್ತಿರೋದು?" ಸೂರ್ಯ ಕೇಳಿದ. ಬೆಳಕಿನ ಕೋಲಿನೊಳಗೆ ಲೆಕ್ಕವಿಲ್ಲದಷ್ಟು ಚುಕ್ಕೆಗಳು ಹೊಳೆಯುತ್ತಾ ಏಳುತ್ತಿದ್ದವು, ಇಳಿಯುತ್ತಿದ್ದವು.

"ಧೂಳು ನನ್ನಪ್ಪಾ."

"ಎಷ್ಟೊಂದು ಚೆಂದ! ಸಮುದ್ರ ನೋಡಿದೀನಿ, ಕಾಡು ನೋಡಿದೀನಿ. ಇದನ್ನ ನೋಡೇ ಇರ್ಲಿಲ್ಲ."

"ನಾನೂ ನೋಡಿರ್ಲಿಲ್ಲ. ನೀನು ಬಂದದ್ದಕ್ಕೇ ಕಾಣಿಸ್ತು."

ಇಬ್ಬರೂ ಧೂಳನ್ನೇ ನೋಡುತ್ತಾ ಉಳಿದರು. ಸೂರ್ಯ ಒಂದೆಡೆ ನಿಲ್ಲುವವನಲ್ಲ. ಮೆಲ್ಲಗೆ ನೆಲದ ಮೇಲೆ ಸರಿದ. ಮಲ್ಲಾಜಿ ಮಂಡಿಯೂರಿ ಹಿಂದೆಯೇ ಸರಿದಳು. ಹೊರಗೆ ಹೀರೆಬಳ್ಳಿ ಬಿಸಿಲು ಕುಡಿದು ತಲೆಯೆತ್ತಿತು.

ಬೆಟ್ಟದಿಂದ ಇಳಿದುಬಂದ ಬೊಮ್ಮವ್ವ ಬಾಗಿಲಲ್ಲೇ ನಿಂತಳು. ಬೆಟ್ಟದ ಮೇಲಿನ ಪ್ರಖರ ಬೆಳಕಿಗೆ ಅವಳ ಕಣ್ಣು ಕೆಂಪಾಗಿ ನೀರು ಸೋರುತ್ತಿತ್ತು.

"ಯಾರೇ ಅದು?"

"ಸೂರ್ಯ, ಅಕ್ಕ. ಕೈ ಕೊಡು."

ಅಕ್ಕನ ಅಂಗೈಗೂ ಸೂರ್ಯ ಬಂದ. ಬೊಮ್ಮವ್ವ ಬಹಳ ಹೊತ್ತು ನೋಡಿದಳು. ಆಮೇಲೆ ಪಿಸುಗುಟ್ಟಿದಳು: "ದಿನಾ ಬೆಟ್ಟ ಹತ್ತಿದೀನಿ ಕಣೇ. ಒಂದು ದಿನಾನೂ ಕಣ್ಣುಬಿಟ್ಟು ಇವನ ಮುಖ ನೋಡೋಕಾಗಿರ್ಲಿಲ್ಲ. ಇವತ್ತು ನೋಡ್ದೆ."

ಸೂರ್ಯ ಅದನ್ನು ಕೇಳಿಸಿಕೊಂಡ. ಬೆಟ್ಟ ಹತ್ತಲೇಬೇಕೆಂಬ ಅಪ್ಪಣೆಯನ್ನು ಅಂದೇ ಹಿಂತೆಗೆದ. ಬರಬೇಕೆನ್ನಿಸಿದವರು ಬರಲಿ, ಉಳಿದವರ ಮನೆಗೆ ತಾನೇ ಹೋಗಿಬರುವೆ ಎಂದ.

ಅದಕ್ಕೇ ಕಂದಾ, ಹೆಂಚಿನ ಕಿರುಸಂದಿ ಚೌಕವಿರಲಿ, ತಗಡಿನ ಸಣ್ಣ ತೂತು ಮುಕ್ಕೋಣವಿರಲಿ, ಅಲ್ಲಿಂದ ಬಹುದೂರ ಇಳಿದು ನಿನ್ನ ಮನೆಯ ನೆಲ ಮುಟ್ಟುವ ಬಿಸಿಲು ಇವತ್ತಿಗೂ ದುಂಡಗೇ ಇರುತ್ತದೆ. ಗ್ರಹಣದ ದಿನ ಮೇಲೆ ಸೂರ್ಯನ ಅಂಚು ಕರಗಿದರೆ ನೆಲದ ಮೇಲಿನವನ ಅಂಚೂ ಕರಗುತ್ತದೆ. ಯಾಕೆಂದರೆ ಅಲ್ಲಿ ಬಂದು ಕೂತಿರುವವನು ಸೂರ್ಯನೇ.