ಅಧ್ಯಕ್ಷರ ಎರಡು ಮಾತು

ಡೇರಿಯಲ್ಲಿ ಹಾಲಿನ ಅಳತೆ ಬರೆದುಕೊಳ್ಳುವ ಜಾವಾ ಪ್ರೋಗ್ರಾಮಿನ ಮೆಮೊರಿ ಉಬ್ಬುತ್ತಿತ್ತು. ಅದು ಕುಸಿದರೆ ಅಳತೆ ನಿಂತು, ಸಾಲಿನಲ್ಲಿದ್ದ ಕ್ಯಾನುಗಳ ಹಾಲೆಲ್ಲ ಒಡೆಯುತ್ತಿತ್ತು. ಕಾರಣ ತಿಳಿಯಲು ಹೀಪ್ ಡಂಪ್, ಅಂದರೆ ಮೆಮೊರಿಯ ಪೂರ್ತಿ ಚಿತ್ರ ಬೇಕು. ಅದನ್ನು ತೆಗೆಯುವಾಗ ಪ್ರೋಗ್ರಾಮು ಸ್ವಲ್ಪ ಹೊತ್ತು ನಿಲ್ಲುತ್ತದೆ.

“ಚಿತ್ರ ಬೇಕು. ನಿಂತದ್ದು ಜನಕ್ಕೆ ಗೊತ್ತಾಗಬಾರದು!” ಅಧ್ಯಕ್ಷ ರುದ್ರಮುನಿಯಪ್ಪ ಗುಡುಗಿದರು.

ಕಂಪ್ಯೂಟರಿನ ಗುಮಾಸ್ತೆ ಕೈಮುಗಿದಳು. “ಹಾಗಾದರೆ ತಾವು ಜನರಿಗೆ ಎರಡು ಮಾತು ಹೇಳಬೇಕು, ಸಾರ್.”

ಅಧ್ಯಕ್ಷರು ಮೈಕು ಹಿಡಿದರು. ಅಳೆಯುವವರು ಅಳತೆ ಬಿಟ್ಟು ಕೈಕಟ್ಟಿ ಕೇಳುತ್ತ ನಿಂತರು. ಭಾಷಣ ಮುಗಿಯುವಷ್ಟರಲ್ಲಿ ಡಂಪ್ ಸಿದ್ಧವಾಗಿ, ಪ್ರೋಗ್ರಾಮು ಮತ್ತೆ ಓಡುತ್ತಿತ್ತು.

ಡಂಪ್ ತೆರೆದು ನೋಡಿದರೆ, ಹಿಂದೆಂದೋ ಅಳೆದ ಹಾಲಿನ ವಿವರವೂ ಮೆಮೊರಿಯಲ್ಲಿ ಹಾಗೇ ಕೂತಿತ್ತು. ಅಧ್ಯಕ್ಷರು ಬೆರಗಾಗಿ ಪರದೆ ನೋಡಿದರು.

“ಅಬ್ಬಾ! ಇಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಓಡುತ್ತಿತ್ತೇ? ಈ ಚಿತ್ರ ಯಾವಾಗ ತೆಗೆದೆಯಮ್ಮಾ?”

“ತಾವು ಮಾತಾಡುವಾಗ, ಸಾರ್. ಯಾರಿಗೂ ಗೊತ್ತಾಗಲಿಲ್ಲ.”

ಅಧ್ಯಕ್ಷರ ದನಿ ತಗ್ಗಿತು. “ಇನ್ನೊಂದು ಬೇಕಿದ್ದರೆ ಹೇಳಮ್ಮಾ. ನಾನು ಹೇಳುವುದು ಇನ್ನೂ ಬಹಳ ಇದೆ.”