ಬಿರುಕು ಬಿಟ್ಟ ಗಂಟೆ

ಹಳೇ ಚರ್ಚೊಂದರ ಗೋಪುರದ ಗಂಟೆಗೆ ಹಿಂದಿನ ಭಾನುವಾರಗಳ ನೆನಪೇ ಜೀವ. ಆಗ ಆರಾಧನೆ ಮುಗಿದರೂ ಜನ ಮನೆಗೆ ಹೋಗದೆ ಅಂಗಳದಲ್ಲೇ ಒಟ್ಟಿಗೆ ಉಣ್ಣುತ್ತಿದ್ದರು. ಈಗ ಬೆಂಚುಗಳೆಲ್ಲ ಖಾಲಿ. ತನ್ನ ದನಿಯೇ ಸಾಲದೆಂದುಕೊಂಡ ಗಂಟೆ ಜೋರಾಗಿ ಬಡಿದುಕೊಂಡು ಬಡಿದುಕೊಂಡು ಬಿರುಕು ಬಿಟ್ಟಿತು.

ಗಂಟೆ ಮೂಕವಾದ ಮೇಲೆ ಸಭಾಪಾಲಕಿ ಸುಗುಣಮ್ಮನವರು ತಾವೇ ಮನೆಮನೆಗೆ ಹೋಗಿ ಕರೆದರು. ಸಭೆಯವರು ದೂರ ಇಟ್ಟಿದ್ದವರ ಬಾಗಿಲನ್ನೂ ತಟ್ಟಿದರು. ಮುಂದಿನ ಭಾನುವಾರ ಚರ್ಚು ತುಂಬಿತು.

ಗೋಪುರದ ಪಾರಿವಾಳ ಕೇಳಿತು: "ಗಂಟೆಯಣ್ಣ, ನೀನಿಲ್ಲದೆಯೇ ಜನ ಬಂದರಲ್ಲ, ಬೇಜಾರಿಲ್ಲವೇ?"

"ಸುಮ್ಮನಿರು ತಂಗಿ," ಎಂದಿತು ಗಂಟೆ. "ಸುಗುಣಮ್ಮನವರ ಬೋಧನೆಯ ನಡುವೆ ಹೊಸಬಳೊಬ್ಬಳು ಎದ್ದು ಪ್ರಶ್ನೆ ಕೇಳಿದಳು. ಅಮ್ಮನವರು 'ನನಗೂ ಗೊತ್ತಿಲ್ಲ, ಎಲ್ಲರೂ ಸೇರಿ ಹುಡುಕೋಣ' ಎಂದರು. ಅಂಥ ಮಾತನ್ನು ನಾನು ಆ ಹಳೇ ಭಾನುವಾರಗಳಲ್ಲೂ ಕೇಳಿರಲಿಲ್ಲ."