ಡಿಕ್ಕಿಯ ಮೇಲಿನ ನೆಗ್ಗು

ಗಂಗಾವತಿಯ ಪಂಪಣ್ಣ ಒಂದು ಕಾಲಕ್ಕೆ ಬಸ್ಸಿನ ಕ್ಲೀನರ್. ಈಗ ಅವನೇ ಬಸ್ಸುಗಳ ಧಣಿ, ಮನೆ ಮುಂದೆ ಕರಿ ಕಾರು. ಆ ಕಾರಿನ ಡಿಕ್ಕಿ ಬಾಗಿಲ ಮೇಲೆ ಎಲ್ಲಿಂದಲೋ ನೆಗ್ಗುಗಳು ಬೀಳತೊಡಗಿದವು.

ಮನೆಗೆ ಬಂದಿದ್ದ ಬೀಗರು ಊರಿಗೆ ಹೊರಟು ನಿಂತಾಗಲೇ ಧಣಿ ಡ್ರೈವರ್ ಹುಸೇನಪ್ಪನನ್ನು ಹಿಡಿದ. "ಇದನ್ನ ಯಾರು ಮಾಡಿದ್ರು ಈಗ ಹೇಳು. ಇಲ್ಲಾಂದ್ರ ಕೀಲಿ ಕೊಟ್ಟು ಮನೀಗೆ ನಡಿ."

ಹುಸೇನಪ್ಪ ವಾದಕ್ಕೆ ನಿಲ್ಲುವ ದಡ್ಡನಲ್ಲ. ಎಲೆಯಡಿಕೆ ಡಬ್ಬಿ ತೆಗೆದು ನೆಗ್ಗುಗಳಿಗೆಲ್ಲ ಒದ್ದೆ ಸುಣ್ಣ ಬಳಿದ.

"ಮಾಡಿದವ್ರು ತಾವಾಗೇ ಸಿಗ್ತಾರ್ರಿ. ಮೊದಲು ಬೀಗರನ್ನ ಬಸ್ ಸ್ಟ್ಯಾಂಡಿಗೆ ಬಿಟ್ಟು ಬರ್ತೀನಿ. ಗೇಟು ಸಣ್ಣದೈತಿ, ಹಿಂದ ನಿಂತು ರಿವರ್ಸ್ ನೋಡ್ರಿ."

ಧಣಿ ಕಾರಿನ ಹಿಂದೆ ನಿಂತು "ಬರ್ಲಿ, ಬರ್ಲಿ" ಅಂದ. ಗೇಟಿನ ಕಂಬ ಹತ್ತಿರವಾಯಿತು. ಹಳೇ ಕ್ಲೀನರನ ಮುಷ್ಟಿ ತಾನಾಗಿಯೇ ಎದ್ದು ಡಿಕ್ಕಿಯ ಮೇಲೆ ಧಡ್ ಧಡ್ ಬಡಿಯಿತು. "ಸಾಕು, ಸಾಕು."

ಗೇಟಿನ ಪಕ್ಕ ಕಾಯುತ್ತಿದ್ದ ಬೀಗರು ಧಣಿಯ ಕೈ ನೋಡಿದರು. ಧಣಿಯೂ ನೋಡಿಕೊಂಡ. ಮುಷ್ಟಿಯೆಲ್ಲ ಸುಣ್ಣ, ದಪ್ಪ ಉಂಗುರದ ಮೇಲೂ ಸುಣ್ಣ.

ಹುಸೇನಪ್ಪ ಇಳಿದು ಬಂದ. ಡಿಕ್ಕಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಒಂದು ತಂಬಿಗೆ ನೀರು ತಂದು ಹಿಡಿದ.

"ಕೈ ತೊಳಕೊಳ್ರಿ ಧಣೇರ. ಸುಣ್ಣ ಸುಡತೈತಿ."